ಬಿಸಿ ಹೊರಗೆ ಹೋಗುತ್ತೆ

ಬೀಗ ಒಡೆಯುವುದಿಲ್ಲ ನಾನು, ಒಲಿಸುತ್ತೇನೆ.
ಎರಡು ತಂತಿ, ಒಂದಿಷ್ಟು ಎಣ್ಣೆ, ಕಿವಿ.
ಒಳಗಿನ ಐದು ಹಲ್ಲು ಒಂದೊಂದಾಗಿ
ಟಿಕ್ ಎಂದು ಒಪ್ಪಿಕೊಂಡರೆ ಬಾಗಿಲಿಗೆ ಗಾಯವಿಲ್ಲ.
ಗಾಯವಿಲ್ಲದ ಬಾಗಿಲಿಗೆ ನಲವತ್ತೈದು ಪೌಂಡು,
ವ್ಯಾನಿನ ಡೀಸೆಲ್ ನನ್ನದೇ.

ಗ್ರಿಮ್ಸ್‌ಬಿಯಲ್ಲಿ ಜನವರಿ. ಬೆಳಗಿನ ಎಂಟೂವರೆ.
ಕೋರ್ಟಿನ ಕಾಗದ ಹಿಡಿದು ಗ್ಲೆನ್,
ಹೊಸ ಮೀಟರನ್ನು ಕೂಸಿನಂತೆ ಎದೆಗವಚಿಕೊಂಡು ಕ್ಲೈವ್,
ನಾಯಿ ಇದ್ದರೆ ಹಿಡಿಯಲೆಂದು ಇನ್ನೊಬ್ಬ.
ಇಂದು ಹನ್ನೊಂದು ಮನೆ. ಇದು ನಾಲ್ಕನೆಯದು.
ಮೊದಲೇ ದುಡ್ಡು ಹಾಕಿದರೆ ದೀಪ, ಇಲ್ಲದಿದ್ದರೆ ಇಲ್ಲ,
ಅಂಥ ಮೀಟರು ಕೂರಿಸುವುದು.
‘ನಾವು ಯಾರ ಕರೆಂಟನ್ನೂ ಕತ್ತರಿಸುವುದಿಲ್ಲ’
ಎನ್ನುತ್ತಾನೆ ಗ್ಲೆನ್, ‘ಅವರೇ ಕತ್ತರಿಸಿಕೊಳ್ಳುತ್ತಾರೆ.’

ಮೂರು ಸಲ ತಟ್ಟಿದೆವು. ಸದ್ದಿಲ್ಲ.
ಐದನೆಯ ಹಲ್ಲು ಒಪ್ಪಿತು.

ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಷೆರಿಲ್ ಹೋಲ್ಟ್‌ಬಿ,
ಮೀನು ಫ್ಯಾಕ್ಟರಿಯ ರಾತ್ರಿ ಪಾಳಿಯ ಬಲೆಟೋಪಿ
ಇನ್ನೂ ತಲೆಯ ಮೇಲೆ.
ಹೊಸ್ತಿಲಲ್ಲಿ ನಾಲ್ಕು ಗಂಡಸರು.
ಕಿರುಚುತ್ತಾಳೆ ಅಂದುಕೊಂಡೆ. ಬೈಗುಳವೆಲ್ಲ ನನಗೆ ಬಾಯಿಪಾಠ.
ಅವಳು ಹೇಳಿದ್ದು ಇಷ್ಟೇ:
‘ಬರುವುದಾದರೆ ಬನ್ನಿ, ಬಾಗಿಲು ಹಾಕಿ.
ಬಿಸಿ ಹೊರಗೆ ಹೋಗುತ್ತೆ.’

ಹಾಕಿದೆ. ನಾನೇ ತೆಗೆದದ್ದನ್ನು ನಾನೇ.
ಬಿಸಿ ಎಲ್ಲಿತ್ತು ಆ ಮನೆಯಲ್ಲಿ?
ಮಾತಿಗೊಂದು ಆವಿ. ಕಿಟಕಿಯ ಒಳಮೈಯೆಲ್ಲ ನೀರು,
ಅದರಲ್ಲಿ ಯಾವುದೋ ಪುಟ್ಟ ಬೆರಳು ಬರೆದ ಬೆಕ್ಕು,
ಮೀಸೆ ಸೋರಿ ಚೌಕಟ್ಟು ಮುಟ್ಟಿದೆ.

ಕ್ಲೈವ್ ಸ್ಕ್ರೂ ಬಿಚ್ಚುತ್ತಿದ್ದಾಗ ಕೇಳಿದಳು,
ಜಗಳಕ್ಕಲ್ಲ, ದಾರಿ ಕೇಳುವ ಹಾಗೆ:
‘ಇದಕ್ಕೆ ಯಾರನ್ನು ಕೇಳಬೇಕು?’
ಕಂಪನಿಯನ್ನು, ಅಂದ ಗ್ಲೆನ್.
ಕೇಳಿದ್ದಳಂತೆ. ನಲವತ್ತು ನಿಮಿಷ ಪಿಟೀಲು ನುಡಿಸಿ
ಕಂಪನಿ ಹೇಳಿತಂತೆ: ಸಗಟು ಮಾರುಕಟ್ಟೆ.
ಮಾರುಕಟ್ಟೆಗೆ ಫೋನ್ ನಂಬರಿಲ್ಲ.
ಟಿವಿಯ ಮಂತ್ರಿ: ಯುದ್ಧ.
ಯುದ್ಧ ಮಾಡುವವರು: ಮೊದಲು ಶುರು ಮಾಡಿದ್ದು ಅವರು.
ಪಕ್ಕದ ಮನೆಯವನು: ದೋಣಿಯಲ್ಲಿ ಬಂದವರು.
ಅವಳ ಸ್ವಂತ ಅಕ್ಕ: ನೀನೇ ಕಣೇ, ನೀನೂ ನಿನ್ನ ಬಟ್ಟೆ ಒಣಗಿಸುವ ಯಂತ್ರವೂ.

ಹಿತ್ತಿಲ ಕಿಟಕಿಯಾಚೆ, ಛಾವಣಿಗಳಾಚೆ, ಸಮುದ್ರದೊಳಗೆ
ಗಾಳಿಯಂತ್ರಗಳ ಬಿಳಿ ಸಾಲು, ಅವಸರವಿಲ್ಲದೆ ತಿರುಗುತ್ತಿತ್ತು.
‘ಗಾಳಿಯೂ ತುಟ್ಟಿಯಾಯಿತೇ?’
ಗ್ಯಾಸಿನ ದರವೇ ಗಾಳಿಗೂ ದರ ಕಟ್ಟುತ್ತದಂತೆ,
ಕ್ಲೈವ್ ಎಲ್ಲೋ ಓದಿದ್ದ. ಬಾಯಿ ತೆರೆಯಹೋದ.
ತುಟಿಯ ನಡುವೆ ಸ್ಕ್ರೂ ಇತ್ತು.

ಉರಿಯುವ ಮನೆಯಿಂದ ಗಳ ಹಿರಿಯುವವರಿರುತ್ತಾರೆ, ಸರಿ.
ಉರಿಯದ ಮನೆಯಿಂದಲೂ ಹಿರಿಯಬಹುದು,
ಒಂದು ಮುದ್ರೆ ಬೇಕು, ಅಷ್ಟೆ.
ಎಯ್ದವನನ್ನು ಬಿಟ್ಟು ಅಂಬನ್ನೇಕೆ ಬಯ್ಯುತ್ತೀರಿ
ಎಂದು ಎಷ್ಟು ಹೊಸ್ತಿಲಲ್ಲಿ ಹೇಳಿದ್ದೇನೆ ನಾನು!
ಆದರೆ ಅಂಬಿಗೆ ಯಾರೂ
ಬಾಗಿಲೊಂದಕ್ಕೆ ನಲವತ್ತೈದು ಕೊಡುವುದಿಲ್ಲ.

ಅಪ್ಪ ಬಂದರಿನ ಐಸ್ ಕಾರ್ಖಾನೆಯಲ್ಲಿದ್ದ.
ಆಗ ಈ ಊರಲ್ಲಿ ಚಳಿಯನ್ನು ಟನ್ ಲೆಕ್ಕದಲ್ಲಿ ಮಾರುತ್ತಿದ್ದರು.
ಈಗ ಅದು ಪುಕ್ಕಟೆ.

ವ್ಯಾನಿನಲ್ಲಿ ರೇಡಿಯೋ ಅದೇ ಕಂಪನಿಯ ಲಾಭ ಓದಿತು.
ಸೊನ್ನೆಗಳು ಮುಗಿಯುವ ಮೊದಲೇ ಗ್ಲೆನ್ ಕ್ರಿಕೆಟ್ಟಿಗೆ ತಿರುಗಿಸಿದ.

ಐದನೆಯ ಮನೆ. ಮೂರು ಸಲ ತಟ್ಟಿದೆವು.
ತಂತಿ ತೂರಿಸಿ ಕಿವಿಯಿಟ್ಟೆ.
ಬೀಗದ ಸದ್ದಲ್ಲ. ಆಚೆ ಬದಿಯಲ್ಲಿ, ಕಿವಿಯ ಎತ್ತರಕ್ಕೇ,
ಯಾರೋ ಉಸಿರು ಬಿಗಿಹಿಡಿದಿದ್ದರು.
ಎಷ್ಟು ಹೊತ್ತು ಹಾಗೆ ಇಬ್ಬರೂ.

‘ಆಗಲಿಲ್ಲವೇ?’ ಗ್ಲೆನ್ ಕಾಗದ ಚಾಚಿದ.
ಕಾರಣ, ಎಂಬ ಖಾನೆ.
ಬೆರಳಿಗೆ ಬಾಯಿಂದ ಗಾಳಿ ಊದಿಕೊಂಡು
ಬರೆದೆ:
ಚಳಿ.