ನಡುವಿನ ಜಾಗ

ಸ್ವಾನ್ಸಿ. ಸೋಮವಾರ ಹತ್ತಕ್ಕೆ ಮನಶ್ಶಾಸ್ತ್ರ:
ತೊಟ್ಟಿಲ ಕೂಸು ಅತ್ತಾಗ ಯಾರೂ ಬಾರದಿದ್ದರೆ
ಮುಂದೇನಾದೀತು, ಅದಕ್ಕೊಂದು ನಕ್ಷೆ.
ನೆರಿಸ್ ಅಚ್ಚುಕಟ್ಟಾಗಿ ಬರೆದುಕೊಂಡಳು.

ಹನ್ನೆರಡಕ್ಕೆ, ಕಾರುಗಳ ಸಂದಿಯಲ್ಲಿ ನುಸುಳಿ,
ಎದುರು ಕಟ್ಟಡದಲ್ಲಿ ಅಪರಾಧಶಾಸ್ತ್ರ:
ಯಾವ ಬೀದಿಯಲ್ಲಿ ಎಷ್ಟು ಬೀಗ ಮುರಿದವು, ಇನ್ನೊಂದು ನಕ್ಷೆ.
ಕೆಂಪು ಚುಕ್ಕೆಗಳು ಇರುವೆಯಂತೆ ಮುತ್ತಿದಲ್ಲಿ
ಅಜ್ಜಿಯ ಮನೆ.
ಪ್ರಶ್ನೆಗಳಿವೆಯೇ ಎಂದರು. ಕೈ ಮೇಲೇಳಲಿಲ್ಲ.

ಭಾನುವಾರ ಜೈಲಿನಿಂದ ಎಮ್ರಿಸ್ ಮಾವನ ಫೋನು, ಹತ್ತೇ ನಿಮಿಷ.
"ಎರಡೆರಡು ಓದ್ತೀಯಂತೆ. ನಾನು ಯಾವುದರಲ್ಲಿ ಬರ್ತೀನೇ?"
ಅವಳು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನೇ ನಕ್ಕ:
"ನಡುವೆ ಕಾರು ನಿಲ್ಲಿಸೋ ಜಾಗ ಅಂದೆಯಲ್ಲ,
ಅಲ್ಲೇ ಇಟ್ಕೋ. ಕದ್ದದ್ದೂ ಕಾರೇ ತಾನೆ!"

ಫೋನು ತಾನಾಗಿ ಕಡಿಯಿತು.
ಸೋಮವಾರದ ನಕ್ಷೆ ಬಿಚ್ಚಿ, ಕೂಸಿನ ಪಕ್ಕ
ಪೆನ್ಸಿಲಿನಲ್ಲಿ, ಅಳಿಸಲು ಬರುವ ಹಾಗೆ:
ಅಜ್ಜಿಗೆ ಆಗ ತಗಡಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ.