ಎರಡನೇ ಶನಿವಾರದ ಚೀಟಿ

ನಳ ಸ್ಟಾಪಿನ ಹಿಂದಿನ ಗಲ್ಲಿ. ಹಿಟ್ಟಿನ ಗಿರಣಿಗೂ
ಪಂಕ್ಚರ್ ತಿದ್ದುವವನಿಗೂ ನಡುವೆ
ಆರು ಮೇಜಿನ ಬರ್ಗರ್ ಅಂಗಡಿ.
ಕೂತ ಕೂಡಲೇ ಒಂದು ಚೀಟಿ ಕೊಡುತ್ತಾರೆ, ಜೊತೆಗೆ
ಯಾರದೋ ಹಲ್ಲಿನ ಗುರುತಿರುವ ಗಿಡ್ಡ ಪೆನ್ಸಿಲ್ಲು.

ಬನ್ನು: ಬಿಳಿಯದೋ, ರಾಗಿಯದೋ, ಎಳ್ಳು ಉದುರಿಸಿದ್ದೋ.
ಒಳಗೆ: ಆಲೂ, ಪನೀರು, ಕೋಳಿ.
ಸಾಸು ಎಂಟು ಬಗೆ. ಉಳ್ಳಾಗಡ್ಡಿ ಹಸಿಯದೋ, ಹುರಿದದ್ದೋ.
ಬೇಕಾದ ಚೌಕದಲ್ಲಿ ಗುರುತು ಹಾಕಿ.
ನನಗೆ ಶಿವಾಜಿನಗರದ ಕೋರ್ಟಿನ ಹಾಳೆ ನೆನಪಾಗುತ್ತದೆ.
ಅದರಲ್ಲಿ ಆರಿಸಲು ಏನೂ ಇರಲಿಲ್ಲ:
ತಿಂಗಳಿಗೊಂದು ಶನಿವಾರ, ನಾಲ್ಕರಿಂದ ಏಳು.

ಋತುಜಾ ಬಾಗಿ ಗೀಚುತ್ತಾಳೆ,
ಎಡಗೈಯಲ್ಲಿ. ನನ್ನದೇ ಎಡಗೈ.
ಹೋದ ತಿಂಗಳು ಕೋಳಿ ಇತ್ತು, ಈ ತಿಂಗಳಿಲ್ಲ.
"ಬಿಟ್ಟೆ," ಅಂದಳು ಕತ್ತೆತ್ತದೆ.
ಯಾವಾಗ ಬಿಟ್ಟಿ, ಯಾಕ ಬಿಟ್ಟಿ, ಯಾರು ಬಿಡಿಸಿದರು,
ಮೂರು ತಾಸಿನಲ್ಲಿ ಮುಗಿಯುವ ಪ್ರಶ್ನೆಗಳಲ್ಲ ಇವು.
ಫೆಬ್ರವರಿಯಲ್ಲಿ ಹಸಿಮೆಣಸಿನಕಾಯಿ ಬೇಡ;
ಜೂನಿನಲ್ಲಿ ಡಬಲ್.
ಹಲ್ಲಿಗೆ ತಂತಿ ಕಟ್ಟಿಸಿದ ತಿಂಗಳು ಎಲ್ಲಾ ಮೆತ್ತಗೆ.
ನನಗೆ ಗೊತ್ತಿರುವ ಮಗಳ ಚರಿತ್ರೆ ಇಷ್ಟೇ,
ಅದೂ ಎಣ್ಣೆಕೈ ಹತ್ತಿ, ಅಡಿಗೆಮನೆಯ
ಒಂದು ಮೊಳೆಗೆ ಚುಚ್ಚಿಸಿಕೊಂಡು
ರಾತ್ರಿ ಕಸಕ್ಕೆ ಹೋಗುವಂಥದ್ದು.

ನಮ್ಮವ್ವ ಹುಬ್ಬಳ್ಳಿಯಲ್ಲಿ ಕೇಳುತ್ತಲೇ ಇರಲಿಲ್ಲ.
ಬಡಿಸುತ್ತಿದ್ದಳು. ಹೀರೇಕಾಯಿ ಒಲ್ಲೆ ಅಂದರೆ
ಇನ್ನೊಂದು ಸೌಟು.
ನಾನೂ ಹಾಗೇ ಬಡಿಸಿದೆ, ಮಾತು,
ಕೊತ್ರೂಡಿನ ಮನೆಯಲ್ಲಿ ಹನ್ನೊಂದು ವರ್ಷ
ಇವಳ ಆಯಿಯ ತಾಟಿಗೆ.
ಬೇಕೇನು ಅಂತ ಒಂದು ದಿನ ಕೇಳಲಿಲ್ಲ.

ಗಲ್ಲೆಯ ಮೇಲಿನ ಮಂಗೇಶ ಪ್ರತಿ ಸಲ
ಮೊದಲ ಸಲವೆಂಬಂತೆ ಹೇಳುತ್ತಾನೆ:
ಚೀಜು ಹೆಚ್ಚಿಗೆ ಹಾಕಿದರೆ ಮೂವತ್ತು, ಮೊಟ್ಟೆಗೆ ಇಪ್ಪತ್ತು.
"ತೆಗೆಸಿದರೆ ಏನೂ ಕಮ್ಮಿಯಾಗಲ್ಲ, ಕಾಕಾ."
ಉಳಿದದ್ದೆಲ್ಲ ಒಪ್ಪುತ್ತೇನೆ, ಮಂಗೇಶ,
ಇದೊಂದು ಬಿಟ್ಟು.

ಇವತ್ತು ನಡುವೆ ಸೈಟಿನಿಂದ ಫೋನು. ಹೊರಗೆ ನಿಂತು
ಸಿಮೆಂಟಿನ ಲಾರಿ, ಗೇಟು ಪಾಸು, ಹಾಳುಮೂಳು ಮುಗಿಸಿ
ಬಂದರೆ ನನ್ನ ಚೀಟಿಯೂ ಭರ್ತಿ,
ಆಗಲೇ ಒಳಗೆ ಹೋಗಿಯಾಗಿದೆ.
"ಏನ ಬರದೀ?"
"ಬಂದಾಗ ನೋಡು."
ಹದಿನಾಲ್ಕಕ್ಕೆ ಇಷ್ಟು ಸಾಕು, ಇದಕ್ಕಿಂತ ಹೆಚ್ಚು
ನಾನು ನನ್ನ ಅಪ್ಪನಿಗೆ ಹೇಳಿದವನಲ್ಲ.

"ಅಪ್ಪಾ!" ಮಂಗೇಶ ಕೂಗಿದ. "ಅಪ್ಪಾ, ಎರಡು ಪ್ಲೇಟು!"
ಹೆಸರಿನ ಜಾಗದಲ್ಲಿ ಅದನ್ನೇ ಬರೆದಿದ್ದಳಂತೆ.
ಅವನಿಗದು ಒಬ್ಬ ಮನುಷ್ಯನ ಹೆಸರು,
ಅಪ್ಪಾಸಾಹೇಬನೋ ಯಾರೋ.
ಪಕ್ಕದ ಕಾಲೇಜು ಹುಡುಗರು ತಿರುಗಿ ನೋಡಿದರು.
ಎದ್ದೆ. ಕುರ್ಚಿ ಬಿತ್ತು. ಎತ್ತಿ ನಿಲ್ಲಿಸಿದೆ.

ಎಳ್ಳಿನ ಬನ್ನು ಸರಿ. ಆಲೂ ಸರಿ.
ಮೇಲುಗಡೆ, ಮುಚ್ಚಳ ಎತ್ತಿ ನೋಡಿದರೆ,
ಸಿರ್ಕಾದಲ್ಲಿ ನೆನೆದ ಸೌತೆಕಾಯಿ, ಎಂಟು ಬಿಲ್ಲೆ,
ದುಡ್ಡು ಕೊಟ್ಟು ಹೆಚ್ಚಿಗೆ ಹಾಕಿಸಿದ್ದು.
ನನಗದು ಆಗುವುದಿಲ್ಲ. ಎಂದೂ ಆಗಿಲ್ಲ.
ಮರೆತಿದ್ದಾಳೆ ಅಂದುಕೊಂಡೆ. ಮರೆಯಲಿ ಬಿಡು,
ನಾನೇನು ಅವಳ ಪಾಠದ ಪುಸ್ತಕವೇ.
ಕಣ್ಣು ಮುಚ್ಚಿ ತಿಂದರಾಯಿತು.

ಆಮೇಲೆ ನೋಡಿದೆ,
ಅವಳ ಬರ್ಗರಿನಲ್ಲಿ ಒಂದೂ ಇಲ್ಲ.
ಸೌತೆಕಾಯಿಗೆ ಅಳುತ್ತಿದ್ದ ಹುಡುಗಿ ಇವಳು,
ಐದು ವರ್ಷದವಳು, ಸ್ಟೂಲಿನ ಮೇಲೆ ಮೊಣಕಾಲೂರಿ
ನನ್ನ ಪ್ಲೇಟಿನದನ್ನು ನಾನು ತೆಗೆದಿಡುವುದನ್ನೇ
ಕಾಯುತ್ತಿದ್ದವಳು.

ಕಿಟಕಿಯಾಚೆ ಗಿರಣಿಯವನು ಶಟರು ಎಳೆಯುತ್ತಿದ್ದ.
ಅವಳು ಫೋನಿನಿಂದ ಕಣ್ಣು ತೆಗೆಯದೆ
ಪ್ಲೇಟನ್ನು ಒಂದಿಂಚು ನನ್ನ ಕಡೆ ತಳ್ಳಿದಳು.

ಏಳಕ್ಕೆ ಇನ್ನೂ ಇಪ್ಪತ್ತು ನಿಮಿಷ.
ಬೆರಳಲ್ಲೇ, ಒಂದೊಂದಾಗಿ,
ಅವಸರವಿಲ್ಲದವನ ಹಾಗೆ
ತೆಗೆಯುತ್ತ ಕೂತೆ.