ಇಪ್ಪತ್ತಕ್ಕೆ ಹನ್ನೆರಡು

ಲೋಮೆಯ ಗಡಿಗೇಟಿನ ಎದುರು, ಜೆರಾಕ್ಸ್ ಅಂಗಡಿಯ ಬೆನ್ನಿಗೆ
ನನ್ನದೊಂದು ಮೇಜು, ಎರಡು ಸೀಲು, ಒಣಗುತ್ತ ಬಂದ ಇಂಕ್ ಪ್ಯಾಡು.
ಆಚೆ ಘಾನಾ.
ಮೀನಿಗೆ ಚೌಕಾಸಿ ಎರಡೂ ಬದಿ ಒಂದೇ ಎವೆ ಮಾತಿನಲ್ಲಿ,
ಶಾಲೆ ಮಾತ್ರ ಅಲ್ಲಿ ಇಂಗ್ಲಿಷು, ಇಲ್ಲಿ ಫ್ರೆಂಚು.
ಕಾಗದ ಗೇಟು ದಾಟಬೇಕಾದರೆ ಮೊದಲು ನನ್ನ ಮೇಜು ದಾಟಬೇಕು.

ಸುಲಭ ಅಂದುಕೊಂಡಿದ್ದೆ.
ನಮ್ಮ ಬಕಲೋರಿಯಾಕ್ಕೆ ಅವರಲ್ಲೂ ಒಂದು ಪರೀಕ್ಷೆ ಉಂಟು, ಸರಿ;
ಸೇರಿನಲ್ಲಿ ಅಳೆದದ್ದನ್ನು ಲೀಟರಿಗೆ ಸುರಿದ ಹಾಗೆ
ಒಂದಿಷ್ಟು ಚೆಲ್ಲುತ್ತದೆ, ಒಂದಿಷ್ಟು ಸಾಲದು.

ಇಪ್ಪತ್ತು ದೇವರಿಗೆ, ಹತ್ತೊಂಬತ್ತು ನನಗೆ,
ಉಳಿದದ್ದು ನಿಮಗೆ ಅನ್ನುತ್ತಿದ್ದರು ನಮ್ಮ ಗಣಿತದ ಮೇಷ್ಟ್ರು.
ಹನ್ನೆರಡು ಬಂದರೆ ಮನೆಯಲ್ಲಿ ಕೋಳಿ ಕೊಯ್ಯುತ್ತಿದ್ದರು.
ನೂರಕ್ಕೆ ಅರವತ್ತು ಎಂದು ಟೈಪು ಮಾಡಿದೊಡನೆ
ಆ ಕೋಳಿ ತಟ್ಟೆಯಿಂದೆದ್ದು ಓಡಿಹೋಗುತ್ತದೆ.

ಗುರುವಾರ ಬಂದವಳು ಎನ್ಯೊನಮ್.
ಹೆಸರಿನ ಅರ್ಥ 'ನನಗೆ ಒಳಿತಾಯಿತು';
ಹೆಸರುಗಳನ್ನು ಅನುವಾದಿಸುವ ಹಾಗಿಲ್ಲ.
ಆಚೆ ನರ್ಸಿಂಗ್ ಶಾಲೆ ಸೇರಬೇಕಂತೆ.
ಎರಡು ವರ್ಷದ ಎರಡು ಅಂಕಪಟ್ಟಿ.
ಎರಡನೆಯದರಲ್ಲಿ ಹನ್ನೆರಡು,
ಮೊದಲನೆಯದರ ಕೆಳಗೆ ಕೆಂಪು ಶಾಯಿಯಲ್ಲಿ: ಅಜುರ್ನೆ.

ಫ್ರೆಂಚಿನಲ್ಲಿ ಯಾರೂ ನಪಾಸಾಗುವುದಿಲ್ಲ ನೋಡಿ,
ಇನ್ನೊಂದು ದಿನಕ್ಕೆ ಮುಂದೆ ಹೋಗುತ್ತಾರೆ, ಅಷ್ಟೆ.
ಆ ಪದದ ಹೊಟ್ಟೆಯಲ್ಲಿ ಒಂದು ದಿನ ಮಲಗಿದೆ.
ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ, ಬಾಗಿಲು ಬಡಿದ ಸದ್ದು.

ಆ ವರ್ಷ ಏನಾಯ್ತು, ಅಂದೆ. ಕೇಳಬಾರದಿತ್ತು.
'ಭೌತಶಾಸ್ತ್ರದ ದಿನ ತಮ್ಮನಿಗೆ ಜ್ವರ ನೆತ್ತಿಗೇರಿ
ಆಸ್ಪತ್ರೆಯ ಚೀಟಿಸಾಲಿನಲ್ಲಿದ್ದೆ.'
ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದಳು.
ತಮ್ಮ ಹೊರಗೆ ನಿಂತು ಕಡಲೆಕಾಯಿ ಸುಲಿಯುತ್ತಿದ್ದ,
ಅಕ್ಕನಿಗಿಂತ ಒಂದು ಗೇಣು ಎತ್ತರ.

'ಮುಂದೂಡಲಾಗಿದೆ' ಎಂದೇ ಬರೆಯೋಣ, ಅಂದೆ,
ಸುಳ್ಳೇನೂ ಅಲ್ಲವಲ್ಲ, ಅಕ್ಷರಕ್ಕೆ ಅಕ್ಷರ.

'ಬೇಡ. ಫೇಲು ಅಂತ ಬರೆಯಿರಿ.
ಮುಂದೂಡಿದೆ ಅಂದರೆ
ಇನ್ನೂ ಬಾಕಿ ಇದೆ ಅಂದುಕೊಂಡಾರು.
ನಾನು ಮುಗಿಸಿದ್ದೇನೆ.'

ಬರೆದೆ. ಸೀಲು ಒತ್ತಿದೆ.
ಒಂದೇ ಹಾಳೆಯ ದುಡ್ಡು ಸಾಕು ಅಂದರೂ ಕೇಳದೆ
ಎರಡರದ್ದೂ ಎಣಿಸಿಟ್ಟು, ಶಾಯಿಗೆ ಉಫ್ ಎಂದು ಊದಿ,
ತಮ್ಮನ ಕೈಯಿಂದ ನಾಲ್ಕು ಕಾಳು ಕಸಿದು
ಗೇಟಿನ ಕಡೆ ನಡೆದಳು.

ಹಾಳೆಯ ತುದಿಗೆ ಚಿಕ್ಕ ಅಕ್ಷರದಲ್ಲಿ ನನ್ನದೊಂದು ಟಿಪ್ಪಣಿ:
ಈ ದೇಶದಲ್ಲಿ ಹದಿನಾರು ಅಪರೂಪ.
ಕೋಳಿಯ ವಿಷಯ ಬರೆಯಲು
ಜಾಗವಿರಲಿಲ್ಲ.